ಆಂಟ್‌ವರ್ಪ್‌ನಲ್ಲಿ ಬೆಳಗಾವಿಯ ಓಟಗಾರ

ಕಾಲೇಜು ಕ್ರೀಡಾಕೂಟಗಳಲ್ಲಿ ನೂರು ಮೀಟರ್ ಓಟಕ್ಕೆ ಬೀಳುವ ಶಿಳ್ಳೆ, ಚಪ್ಪಾಳೆ ದೂರದ ಓಟಕ್ಕೆ ಬೀಳುವುದಿಲ್ಲ. ಹತ್ತು ಸಾವಿರ ಮೀಟರ್ ಮುಗಿಯುವ ಹೊತ್ತಿಗೆ ಅರ್ಧ ಮೈದಾನ ಖಾಲಿ. ಭಾರತದ ಓಟದ ಚರಿತ್ರೆಯಲ್ಲೂ ಹೀಗೇ ಆಗಿದೆ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಬೆಳ್ಳಿ ಪದಕ ಗೆದ್ದ ನಾರ್ಮನ್ ಪ್ರಿಚರ್ಡ್ ಹೆಸರು ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿದೆ. ಕಲ್ಕತ್ತದ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿದ ಈತ ಮುಂದೆ ಹಾಲಿವುಡ್ ನಟನೂ ಆದ. ಆದರೆ 1920ರಲ್ಲಿ ಭಾರತದ ಮೊದಲ ತಂಡದೊಂದಿಗೆ ಹೋಗಿ ಮ್ಯಾರಥಾನ್ ಓಡಿ ಮುಗಿಸಿದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರ ಹೆಸರು ಕನ್ನಡ ನಾಡಿನಲ್ಲೇ ಎಷ್ಟು ಜನರಿಗೆ ಗೊತ್ತು?

ಈ ತಂಡ ಹುಟ್ಟಿದ ಕಥೆ ಸ್ವಾರಸ್ಯಕರ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟಕ್ಕೆ ಅಧ್ಯಕ್ಷರಾಗಿ ಬಂದಿದ್ದ ಸರ್ ದೊರಾಬ್‌ಜಿ ಟಾಟಾ ಅವರ ಗಮನ ಸೆಳೆದದ್ದು ದೂರದ ಓಟಗಾರರು. ಹೆಚ್ಚಿನವರು ಹಳ್ಳಿಗಾಡಿನ ರೈತರು, ಬರಿಗಾಲಿನವರು. ತರಬೇತಿ ಎಂಬ ಮಾತೇ ಕೇಳದ ಇವರ ವೇಳೆ ಯುರೋಪಿನವರಿಗೆ ಹತ್ತಿರದಲ್ಲಿದೆ ಎಂಬುದು ಟಾಟಾ ಅವರಿಗೆ ಹೊಳೆಯಿತು. ಮುಂಬೈ ಗವರ್ನರ್ ಜಾರ್ಜ್ ಲಾಯ್ಡ್ ಅವರ ನೆರವು ಪಡೆದು, ತಮ್ಮ ಕೈಯಿಂದಲೂ ಹಣ ಹಾಕಿ ಅವರು ನಾಲ್ವರು ಓಟಗಾರರನ್ನೂ ಇಬ್ಬರು ಕುಸ್ತಿಪಟುಗಳನ್ನೂ ಬೆಲ್ಜಿಯಂಗೆ ಕಳುಹಿಸಿದರು. ನೂರು ಮೀಟರ್ ಓಟಕ್ಕೆ ಎಷ್ಟು ಸಮಯ ಹಿಡಿಯಬೇಕು ಎಂದು ಕೇಳಿದಾಗ ಸಮಿತಿಯ ಸದಸ್ಯರೊಬ್ಬರು ‘ಒಂದೆರಡು ನಿಮಿಷ’ ಎಂದರಂತೆ! ಟ್ರ್ಯಾಕ್ ಓಟದ ಬಗ್ಗೆ ಅಂದಿನ ತಿಳಿವಳಿಕೆ ಅಷ್ಟು.

ನಗೆ ಬರಿಸುವ ಈ ಮಾತಿನ ಹಿಂದೆ ಕಾರಣವೂ ಇದೆ. ಕಡಿಮೆ ದೂರದ ಓಟಕ್ಕೆ ಸಮತಟ್ಟಾದ ಟ್ರ್ಯಾಕ್, ಮುಳ್ಳಿನ ಬೂಟು, ಸ್ಟಾಪ್‌ವಾಚ್, ಹೊರಡುವ ಕ್ಷಣವನ್ನು ತಿದ್ದುವ ಗುರು ಎಲ್ಲವೂ ಬೇಕು. ಅಂದು ಇವು ಸಿಗುತ್ತಿದ್ದುದು ಕೆಲವೇ ಕಾಲೇಜು, ಕ್ಲಬ್ಬು ಮತ್ತು ಸೇನೆಯಲ್ಲಿ. ದೂರದ ಓಟಕ್ಕೆ ರಸ್ತೆ ಸಾಕು, ಉಸಿರು ಸಾಕು. ಆಂಟ್‌ವರ್ಪ್‌ನಲ್ಲಿ ಇದೇ ಎದ್ದು ಕಂಡಿತು. ಬಂಗಾಳದ ಪೂರ್ಮ ಬ್ಯಾನರ್ಜಿ 100 ಮತ್ತು 400 ಮೀಟರ್ ಓಟಗಳ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಮ್ಯಾರಥಾನ್ ಓಡಿದ ಇನ್ನೊಬ್ಬ ಭಾರತೀಯ ಸದಾಶಿವ ದಾತಾರ್ ಗುರಿ ಮುಟ್ಟಲಿಲ್ಲ. ಚೌಗುಲೆ 19ನೆಯವರಾಗಿ ಮುಟ್ಟಿದರು.

ಹತ್ತೊಂಬತ್ತು ಎಂದರೆ ಇಂದಿನ ಪತ್ರಿಕೆಯಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ಆದರೆ ಲೆಕ್ಕ ಹಾಕಿ ನೋಡಬೇಕು. 1920ರ ಆಗಸ್ಟ್ 22ರ ಆ ಓಟ 42.75 ಕಿ.ಮೀ. ಇತ್ತು. ಈಗಿನ 42.195 ಕಿ.ಮೀ. ಕಾಯಂ ಆದದ್ದು ಮರುವರ್ಷ. ಒಲಿಂಪಿಕ್ಸ್‌ನಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಬೇರೊಂದಿಲ್ಲ. ಕೂಟಗಲ್ ಕಡೆಯ ಓದುಗರಿಗೆ ಹೇಳುವುದಾದರೆ, ರಾಮನಗರದಿಂದ ಹೊರಟು ಬಿಡದಿ, ಕೆಂಗೇರಿ ದಾಟಿ ಬೆಂಗಳೂರಿನೊಳಗೆ ಕಾಲಿಟ್ಟಷ್ಟು ದೂರ. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿದರು. ಅಂದರೆ ಕಿಲೋಮೀಟರಿಗೆ ನಾಲ್ಕು ನಿಮಿಷ. ಗೆದ್ದ ಫಿನ್‌ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 1912ರಲ್ಲೇ ಮೂರು ಚಿನ್ನ ಗಳಿಸಿದ್ದವರು. ಅಂಥವರಿಗೂ ಚೌಗುಲೆಗೂ ಇದ್ದ ಅಂತರ ಸುಮಾರು 18 ನಿಮಿಷ. ನಾಲ್ಕು ನಿಮಿಷಕ್ಕೊಂದು ಕಿಲೋಮೀಟರ್ ಎಂದರೇನೆಂದು ಅನುಮಾನವಿದ್ದವರು ಒಂದೇ ಒಂದು ಕಿಲೋಮೀಟರ್ ಓಡಿ ನೋಡಬಹುದು.

ಆ ತಂಡ ಪದಕ ತರಲಿಲ್ಲ, ಆದರೆ ಬಾಗಿಲು ತೆರೆಯಿತು. ಟಾಟಾ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. 1924ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಮಟ್ಟದ ಕೂಟ ನಡೆದು ಪ್ಯಾರಿಸ್ ಒಲಿಂಪಿಕ್ಸ್‌ಗೆ ತಂಡ ಹೋಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಲು ನೆರವಾದ ಹ್ಯಾರಿ ಬಕ್ 1920ರಲ್ಲೇ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದ್ದರು. ಶಾಲೆ ಕಾಲೇಜುಗಳಿಗೆ ‘ಪಿ.ಟಿ. ಮೇಷ್ಟ್ರು’ ಎಂಬ ತರಬೇತಾದ ಜೀವಿ ಬರತೊಡಗಿದ್ದು ಇಂಥ ಕಾಲೇಜುಗಳಿಂದ.

ಮುಂದೆ ಕನ್ನಡ ನಾಡಿನಿಂದ ಬೆಳಗಿದ್ದು ಹೆಚ್ಚಾಗಿ ವೇಗದ ಓಟಗಾರರೇ. 1964ರ ಟೋಕಿಯೊದಲ್ಲಿ ಕೆನೆತ್ ಪೊವೆಲ್ ಓಡಿದರು. 1984ರ ಲಾಸ್ ಏಂಜಲೀಸ್‌ನಲ್ಲಿ 4x400 ರಿಲೇ ಫೈನಲ್ ತಲುಪಿ ಏಳನೆಯ ಸ್ಥಾನ ಪಡೆದ ತಂಡದಲ್ಲಿ ವಂದನಾ ರಾವ್ ಇದ್ದರು. ನಂತರ ಕೊಡಗಿನ ಅಶ್ವಿನಿ ನಾಚಪ್ಪ ಬಂದರು. ಇವರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಹುಡುಗ ಹುಡುಗಿಯರು ಕತ್ತರಿಸಿ ಪುಸ್ತಕದಲ್ಲಿ ಇಟ್ಟುಕೊಂಡರು. ಮ್ಯಾರಥಾನ್‌ನಲ್ಲಿ ಚೌಗುಲೆ ಅವರನ್ನು ಮೀರಿಸಿದ ಸಾಧನೆಯೆಂದರೆ 1976ರ ಮಾಂಟ್ರಿಯಲ್‌ನಲ್ಲಿ ಬಿಹಾರದ ಶಿವನಾಥ್ ಸಿಂಗ್ ಗಳಿಸಿದ 11ನೆಯ ಸ್ಥಾನ. ಆಂಟ್‌ವರ್ಪ್ ಓಟಕ್ಕೆ ಆಗ 56 ವರ್ಷ ತುಂಬಿತ್ತು.