82 ಪರ್ಸೆಂಟೈಲ್ ಅಂದ್ರೆ 82 ಪರ್ಸೆಂಟ್ ಅಲ್ಲ: ಅಡ್ಮಿಷನ್ ಟೆಸ್ಟ್ ರಿಸಲ್ಟ್ ಓದೋದು ಹೇಗೆ?

ಕಾರವಾರ: ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ, ಸ್ಕಾಲರ್‌ಶಿಪ್ ಟೆಸ್ಟ್‌ಗಳು ಶುರುವಾಗುತ್ತವೆ. ಕೆಲವು ಟೆಸ್ಟ್‌ಗಳ ರಿಸಲ್ಟ್‌ನಲ್ಲಿ ಅಂಕದ ಬದಲು 'ಪರ್ಸೆಂಟೈಲ್ 82' ಅಂತ ಇರುತ್ತದೆ. ಮಗ 100ಕ್ಕೆ 82 ತೆಗೆದ ಅಂತ ಪಾಲಕರು ಖುಷಿಯಿಂದ ಅಡ್ವಾನ್ಸ್ ಫೀ ಕಟ್ಟುವ ಮೊದಲು ಇದರ ಅರ್ಥ ತಿಳಿಯುವುದು ಒಳ್ಳೆಯದು.

ಬೋಟ್ ಲೆಕ್ಕ

ಬೈತಖೋಲ ಬಂದರಿಗೆ ಒಂದು ದಿನ 40 ಬೋಟ್ ಬಂದವು ಅಂತ ಇಟ್ಕೊಳ್ಳಿ. ನಿಮ್ಮ ಬೋಟ್‌ಗೆ 12 ಬುಟ್ಟಿ ಬಂಗಡೆ ಸಿಕ್ಕಿದೆ. ನಿಮ್ಮದೂ ಸೇರಿ 30 ಬೋಟ್‌ಗಳಿಗೆ ಸಿಕ್ಕಿದ್ದು 12 ಬುಟ್ಟಿ ಅಥವಾ ಅದಕ್ಕಿಂತ ಕಡಿಮೆ. 30ನ್ನು 40ರಿಂದ ಭಾಗಿಸಿ 100ರಿಂದ ಗುಣಿಸಿದರೆ 75. ಇದೇ ಪರ್ಸೆಂಟೈಲ್.

ಮರುದಿನ ಮೀನೇ ಇಲ್ಲ. ನಿಮಗೆ ಸಿಕ್ಕಿದ್ದು 4 ಬುಟ್ಟಿ, ಉಳಿದವರಿಗೂ ಅಷ್ಟಕ್ಕಷ್ಟೆ. ಆವತ್ತೂ ನೀವು 75 ಪರ್ಸೆಂಟೈಲ್‌ನಲ್ಲೇ ಇರಬಹುದು. ಅಂದ್ರೆ ಪರ್ಸೆಂಟೈಲ್ ಹೇಳೋದು ಸಾಲಿನಲ್ಲಿ ನೀವು ಎಲ್ಲಿದ್ದೀರಿ ಅಂತ. ಎಷ್ಟು ಮೀನು ಬಂತು ಅಂತ ಅಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 500 ಬಂದರೆ 80 ಪರ್ಸೆಂಟ್. ಬೇರೆಯವರು ಎಷ್ಟೇ ತೆಗೆಯಲಿ, ಅದು ಬದಲಾಗೋದಿಲ್ಲ. ಪರ್ಸೆಂಟೈಲ್ ಮಾತ್ರ ಜೊತೆಗೆ ಬರೆದವರ ಮೇಲೆ ನಿಂತಿದೆ.

ದೊಡ್ಡ ಪರೀಕ್ಷೆಗಳಲ್ಲಿ

ಜೆಇಇ ಮೇನ್‌ನಲ್ಲಿ 2019ರಿಂದ ಪರ್ಸೆಂಟೈಲ್ ಪದ್ಧತಿ ಇದೆ. ಬೇರೆ ಬೇರೆ ಶಿಫ್ಟ್‌ನ ಪ್ರಶ್ನೆಪತ್ರಿಕೆ ಒಂದೇ ಥರ ಕಷ್ಟ ಇರೋದಿಲ್ಲ, ಅದಕ್ಕೇ ಈ ಲೆಕ್ಕ. 10 ಲಕ್ಷ ಮಂದಿ ಬರೆದರೆ 99 ಪರ್ಸೆಂಟೈಲ್ ಬಂದವರ ಮುಂದೆಯೂ ಸುಮಾರು 10 ಸಾವಿರ ಜನ ಇರುತ್ತಾರೆ. 2023ರಲ್ಲಿ ನೀಟ್ ಪಿಜಿ ಕಟ್ಆಫ್ ಅನ್ನು ಕೇಂದ್ರ ಸರ್ಕಾರ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿತ್ತು. ಅದರರ್ಥ ಸೊನ್ನೆ ಅಂಕ ಅಲ್ಲ, ಸಾಲಿನ ಕೊನೆಯವರಿಗೂ ಕೌನ್ಸೆಲಿಂಗ್‌ಗೆ ಅವಕಾಶ ಅಂತ.

ಸಣ್ಣ ಟೆಸ್ಟ್‌ನಲ್ಲಿ ಇದು ಉಲ್ಟಾ. 50 ಮಕ್ಕಳು ಬರೆದಿದ್ದರೆ, ಒಬ್ಬರನ್ನು ಹಿಂದೆ ಹಾಕಿದರೂ 2 ಪರ್ಸೆಂಟೈಲ್ ಏರುತ್ತದೆ. ಹಾಗಾಗಿ 80ಕ್ಕೂ 84ಕ್ಕೂ ದೊಡ್ಡ ಫರಕು ಇಲ್ಲ.

ಏನು ಕೇಳಬೇಕು?

ಫೀ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಒಟ್ಟು ಎಷ್ಟು ಮಕ್ಕಳು ಬರೆದರು? ನಮ್ಮ ಮಗುವಿಗೆ ಬಂದ ನಿಜವಾದ ಅಂಕ ಎಷ್ಟು, ಎಷ್ಟಕ್ಕೆ? ಫೀ ರಿಯಾಯಿತಿ ಯಾವುದರ ಮೇಲೆ, ಒಂದು ವರ್ಷಕ್ಕೋ ಎರಡು ವರ್ಷಕ್ಕೋ? ಉತ್ತರ ಬರವಣಿಗೆಯಲ್ಲಿ ಇದ್ದರೆ ಒಳ್ಳೆಯದು.

ಇದೇ ರೀತಿ, ಪರ್ಸೆಂಟೈಲ್ ಕಡಿಮೆ ಬಂತು ಅಂತ ಮಗುವನ್ನು ಬೈಯಬೇಡಿ. ಗಟ್ಟಿ ಗುಂಪಿನ ಜೊತೆ ಬರೆದರೆ ಒಳ್ಳೆ ಅಂಕ ತೆಗೆದ ಮಗುವೂ ಕೆಳಗೆ ಕಾಣಿಸುತ್ತದೆ.

ಚಿಕ್ಕ ಮಕ್ಕಳಿಗೆ ಟೆಸ್ಟ್ ಇಲ್ಲ

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರಕಾರ ಶಾಲೆಗೆ ಸೇರಿಸಿಕೊಳ್ಳಲು ಮಗುವಿಗೆ ಅಥವಾ ಪಾಲಕರಿಗೆ ಟೆಸ್ಟ್, ಸಂದರ್ಶನ ಮಾಡುವ ಹಾಗಿಲ್ಲ. ಈ ಕಾಯ್ದೆ 8ನೇ ತರಗತಿವರೆಗೆ ಅನ್ವಯ. ಮೊದಲ ತಪ್ಪಿಗೆ 25 ಸಾವಿರ ರೂಪಾಯಿವರೆಗೆ, ನಂತರದ ಪ್ರತಿ ತಪ್ಪಿಗೆ 50 ಸಾವಿರವರೆಗೆ ದಂಡ ಇದೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಉಳಿದ ಶಾಲೆಗಳು ಒಂದನೇ ತರಗತಿಗೆ ಟೆಸ್ಟ್ ಅಂದರೆ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ದೂರು ಕೊಡಬಹುದು.