ಕಿರಿಯರ ಜ್ಞಾನಸಾಹಿತ್ಯ: ಕುತೂಹಲ ಮತ್ತು ನಿರೂಪಣೆ

ಕನ್ನಡದ ಮಕ್ಕಳ ಸಾಹಿತ್ಯವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಶಿಶುಗೀತೆ, ಕಥೆ ಹಾಗೂ ನಾಟಕಗಳ ಸುತ್ತಲೇ ನಡೆದಿದೆ. ಭೂಮಿ, ಆಕಾಶ, ಪ್ರಾಣಿ, ಯಂತ್ರ, ದೇಶಾಂತರಗಳ ವಿಷಯವನ್ನು ಕಿರಿಯರಿಗೆ ತಿಳಿಸಲು ಹೊರಟ ಗದ್ಯಕೃತಿಗಳು 'ಮಾಹಿತಿ ಪುಸ್ತಕ' ಎಂಬ ಒಂದೇ ಹೆಸರಿನಡಿ ಸೇರಿ ವಿಮರ್ಶೆಯ ಅಂಚಿನಲ್ಲಿ ಉಳಿದಿವೆ. ಇದರ ಪರಿಣಾಮವಾಗಿ, ಇಂತಹ ಪುಸ್ತಕಗಳ ಮೌಲ್ಯವನ್ನು ಅವುಗಳಲ್ಲಿ ಅಡಕವಾಗಿರುವ ಸಂಗತಿಗಳ ಪ್ರಮಾಣದಿಂದಲೇ ಅಳೆಯುವ ರೂಢಿ ಬೆಳೆದಿದೆ. ಆದರೆ ಕಿರಿಯ ಓದುಗರನ್ನು ನಿಜವಾಗಿ ಹಿಡಿದಿಡುವುದು, ಒಂದು ಸಂಗತಿ ಮನುಷ್ಯನಿಗೆ ತಿಳಿದುಬಂದ ಬಗೆಯನ್ನು ಕಾಣಿಸುವ ನಿರೂಪಣೆ. ಈ ದೃಷ್ಟಿಯಿಂದ ಕನ್ನಡದ ಕೆಲವು ಮುಖ್ಯ ಪ್ರಯತ್ನಗಳನ್ನು ಪರಿಶೀಲಿಸುವುದು ಉಚಿತ.

ಈ ಪರಂಪರೆಯಲ್ಲಿ ಮೊದಲು ಗಮನಿಸಬೇಕಾದುದು ಶಿವರಾಮ ಕಾರಂತರ 'ಬಾಲಪ್ರಪಂಚ'. ೧೯೩೬ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ಈ ಕೃತಿಯ ಹಿಂದೆ ಇದ್ದುದು ಒಬ್ಬನೇ ಲೇಖಕನ ಶ್ರಮ. ಅನಂತರ ಅವರು 'ವಿಜ್ಞಾನ ಪ್ರಪಂಚ'ವನ್ನು ನಾಲ್ಕು ಸಂಪುಟಗಳಲ್ಲಿ ರಚಿಸಿದರು. ಎಪ್ಪತ್ತರ ದಶಕದಲ್ಲಿ ನಿರಂಜನರ ಪ್ರಧಾನ ಸಂಪಾದಕತ್ವದಲ್ಲಿ ಸಿದ್ಧವಾದ 'ಜ್ಞಾನ ಗಂಗೋತ್ರಿ' ಏಳು ಸಂಪುಟಗಳ ಕಿರಿಯರ ವಿಶ್ವಕೋಶ. ಅಲ್ಲಿ ಏಕವ್ಯಕ್ತಿಯ ಸ್ಥಾನವನ್ನು ವಿಷಯತಜ್ಞರ ಸಮೂಹ ವಹಿಸಿಕೊಂಡಿತು. ಸಾಮೂಹಿಕ ಯೋಜನೆಯಿಂದ ವ್ಯಾಪ್ತಿ ಮತ್ತು ಖಚಿತತೆ ದೊರೆಯುತ್ತವೆ. ಏಕವ್ಯಕ್ತಿಯ ಕೃತಿಯಿಂದ ಆರಂಭದಿಂದ ಅಂತ್ಯದವರೆಗೆ ಓದುಗನ ಜೊತೆಗಿರುವ ಒಂದು ಧ್ವನಿ ದೊರೆಯುತ್ತದೆ. ಒಂದು ಹುಡುಕಿ ನೋಡುವ ಪುಸ್ತಕ, ಇನ್ನೊಂದು ಕುಳಿತು ಓದುವ ಪುಸ್ತಕ. ಎರಡರ ಅಗತ್ಯವೂ ಬೇರೆಯಾದುದರಿಂದ ಒಂದರ ಅಳತೆಗೋಲಿನಿಂದ ಮತ್ತೊಂದನ್ನು ಅಳೆಯಲಾಗದು.

ನಿರೂಪಣೆಯ ಸಮಸ್ಯೆ ಅತ್ಯಂತ ಸ್ಪಷ್ಟವಾಗಿ ಗೋಚರಿಸುವುದು ಪಾರಿಭಾಷಿಕ ಪದಗಳಲ್ಲಿ. 'ಆಮ್ಲಜನಕ' ಎಂಬ ಪದವನ್ನು ಉದಾಹರಣೆಯಾಗಿ ನೋಡಬಹುದು. ಪದದ ಅರ್ಥ ಆಮ್ಲವನ್ನು ಹುಟ್ಟಿಸುವುದು ಎಂದು. ಉಸಿರಾಟಕ್ಕೆ ಬೇಕಾದ ಅನಿಲಕ್ಕೆ ಈ ಹೆಸರೇಕೆ ಎಂಬ ಪ್ರಶ್ನೆ ಚುರುಕು ಬುದ್ಧಿಯ ಮಗುವಿಗೆ ಸಹಜವಾಗಿಯೇ ಬರುತ್ತದೆ. ಎಲ್ಲ ಆಮ್ಲಗಳಲ್ಲಿಯೂ ಈ ಧಾತು ಇರುತ್ತದೆಂದು ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲಾವಾಸಿಯೆ ಭಾವಿಸಿದ್ದನು. ಆಕ್ಸಿಜನ್ ಎಂಬ ಹೆಸರು ಆ ಗ್ರಹಿಕೆಯಿಂದ ಹುಟ್ಟಿತು. ಕನ್ನಡದ ಪದ ಅದೇ ಅರ್ಥವನ್ನು ಹೊತ್ತುಕೊಂಡಿತು. ೧೮೧೦ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಕ್ಲೋರಿನ್ ಒಂದು ಧಾತುವೆಂದೂ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವಿಲ್ಲವೆಂದೂ ಪ್ರತಿಪಾದಿಸಿದನು. ಗ್ರಹಿಕೆ ಬಿದ್ದುಹೋಯಿತು, ಹೆಸರು ಉಳಿಯಿತು. ಪದವನ್ನು ಕಂಠಪಾಠಕ್ಕೆ ಒಪ್ಪಿಸುವ ಪುಸ್ತಕಕ್ಕೂ ಅದರೊಳಗಿನ ಈ ಚರಿತ್ರೆಯನ್ನು ಬಿಡಿಸಿಡುವ ಪುಸ್ತಕಕ್ಕೂ ಇರುವ ಅಂತರ ಗಣನೀಯ. ಎರಡನೆಯದರಲ್ಲಿ, ದೊಡ್ಡ ವಿದ್ವಾಂಸರೂ ತಪ್ಪಬಲ್ಲರು, ತಪ್ಪು ಪ್ರಯೋಗದಿಂದ ತಿದ್ದಲ್ಪಡುತ್ತದೆ ಎಂಬ ತಿಳಿವಳಿಕೆ ಉಪದೇಶವಿಲ್ಲದೆಯೇ ಓದುಗನಿಗೆ ದಕ್ಕುತ್ತದೆ.

ಕೃತಿಗಳ ಬಾಳಿಕೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ೧೯೩೦ರಲ್ಲಿ ಪತ್ತೆಯಾದ ಪ್ಲೂಟೋವನ್ನು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವು ೨೦೦೬ರಲ್ಲಿ ಕುಬ್ಜಗ್ರಹವೆಂದು ವರ್ಗೀಕರಿಸಿತು. ಸೌರವ್ಯೂಹದಲ್ಲಿ ಒಂಬತ್ತು ಗ್ರಹಗಳೆಂದು ಪಟ್ಟಿ ಕೊಟ್ಟಷ್ಟಕ್ಕೆ ನಿಂತ ಪುಸ್ತಕಗಳು ಅಂದಿಗೆ ಹಳತಾದವು. ನಕ್ಷತ್ರಗಳು ಪರಸ್ಪರ ಸ್ಥಾನ ಬದಲಿಸದಂತೆ ತೋರುವಾಗ ಗ್ರಹವೊಂದು ಅವುಗಳ ನಡುವೆ ದಿನದಿಂದ ದಿನಕ್ಕೆ ಸರಿಯುವುದನ್ನು ಹೇಗೆ ಗುರುತಿಸಬೇಕೆಂದು ಕಲಿಸಿದ ಪುಸ್ತಕದ ಪ್ರಯೋಜನ ಮಾತ್ರ ಕುಂದಲಿಲ್ಲ. ಸಂಗತಿಗಳಿಗೆ ಮುಪ್ಪುಂಟು, ನೋಡುವ ಕ್ರಮಕ್ಕೆ ಅಷ್ಟು ಬೇಗ ಮುಪ್ಪು ಬಾರದು.

ನೋಡುವ ಕ್ರಮವನ್ನೇ ಕಥನವಾಗಿಸಿದ ಲೇಖಕರಲ್ಲಿ ಬಿ.ಜಿ.ಎಲ್. ಸ್ವಾಮಿ ಮತ್ತು ಪೂರ್ಣಚಂದ್ರ ತೇಜಸ್ವಿ ಪ್ರಮುಖರು. ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಸ್ವಾಮಿಯವರ 'ಹಸುರು ಹೊನ್ನು' ವಿದ್ಯಾರ್ಥಿಗಳೊಡನೆ ಕೈಗೊಂಡ ಸಸ್ಯಾನ್ವೇಷಣೆಯ ಪ್ರವಾಸವನ್ನು ಹಾಸ್ಯದೊಡನೆ ಹೇಳುತ್ತದೆ. ೧೯೯೧ರ 'ಪರಿಸರದ ಕಥೆ'ಯಲ್ಲಿ ಕಿವಿ ಎಂಬ ನಾಯಿ, ಮಾರ, ಪ್ಯಾರ ಮೊದಲಾದವರ ಒಡನಾಟದ ನಡುವೆ ಜೀವಜಗತ್ತು ತೆರೆದುಕೊಳ್ಳುತ್ತದೆ. ಇವೆರಡೂ ಮಕ್ಕಳಿಗೆಂದೇ ಬರೆದ ಕೃತಿಗಳಲ್ಲ; ಆದರೂ ಹರೆಯದ ಓದುಗರಿಗೆ ಅವು ಆಪ್ತವಾಗುವ ಕಾರಣ, ಲೇಖಕನು ಎಲ್ಲ ಬಲ್ಲವನಾಗಿ ಮಾತನಾಡದೆ ತಾನೂ ಬೆರಗುಗೊಂಡು ಹುಡುಕುವವನಾಗಿ ಕಾಣಿಸಿಕೊಳ್ಳುವುದು. ೨೦೦೦ದಲ್ಲಿ ಆರಂಭವಾದ ತೇಜಸ್ವಿಯವರ ಮಿಲೆನಿಯಮ್ ಸರಣಿಯ ಒಂದು ಪುಸ್ತಕಕ್ಕೆ 'ಹುಡುಕಾಟ' ಎಂಬ ಹೆಸರಿರುವುದು ಅರ್ಥಪೂರ್ಣ.

ಮೇಲಿನ ವಿವೇಚನೆಯಿಂದ, ಜ್ಞಾನಸಾಹಿತ್ಯದ ವಿಮರ್ಶೆಗೆ ಮೂರು ಪ್ರಶ್ನೆಗಳು ಅವಶ್ಯವೆಂದು ತೋರುತ್ತದೆ: ಕೃತಿಯು ತೀರ್ಮಾನದೊಡನೆ ಅದರ ಆಧಾರವನ್ನೂ ಕೊಡುತ್ತದೆಯೇ? ಪಾರಿಭಾಷಿಕ ಪದವನ್ನು ಅನುಭವದಿಂದ ಪ್ರವೇಶಗೊಳಿಸುತ್ತದೆಯೇ? ಓದಿನ ಕೊನೆಯಲ್ಲಿ ಓದುಗನಿಗೆ ತಾನೇ ನೋಡಬಹುದಾದ, ಕೇಳಬಹುದಾದ ಏನನ್ನಾದರೂ ಉಳಿಸುತ್ತದೆಯೇ? ಕನ್ನಡದ ವಿವರಣಾತ್ಮಕ ಗದ್ಯ ಪಕ್ವಗೊಂಡುದರಲ್ಲಿ ಇಂತಹ ಪುಸ್ತಕಗಳ ಪಾಲು ಸಣ್ಣದಲ್ಲ. ಇಂಗ್ಲಿಷಿನಲ್ಲಿ ಮಾತ್ರ ಜಗತ್ತನ್ನು ಅರಿಯಬಹುದೆಂಬ ನಂಬಿಕೆ ಬಲಿಯುತ್ತಿರುವ ಸಂದರ್ಭದಲ್ಲಿ, ಕನ್ನಡದಲ್ಲಿ ಪ್ರಶ್ನೆ ಕೇಳುವ ಅಭ್ಯಾಸವನ್ನು ಬೆಳೆಸಿದ ಈ ಗದ್ಯವನ್ನು ಸಾಹಿತ್ಯಚರಿತ್ರೆಯ ಒಳಗೆ ತಂದು ಓದುವುದು ಕನ್ನಡ ವಿಭಾಗಗಳು ನಿರ್ವಹಿಸಬೇಕಾದ ಕರ್ತವ್ಯವಾಗಿದೆ.