ಸುಲ್ತಾನ್‌ಪುರ: ನೋಡಲು ಹೋಗುವವರಿಗೂ ಕೊಳ್ಳಲು ಹೋಗುವವರಿಗೂ

ಗುರುಗ್ರಾಮದಲ್ಲಿ ಕನ್ನಡದ ನಾಲ್ಕು ಸಂಸಾರಗಳು ಒಂದೆಡೆ ಸೇರಿದುವೆಂದರೆ, ಮಕ್ಕಳ ಪರೀಕ್ಷೆ, ಊರಿನ ಮಳೆ-ಬೆಳೆಗಳ ಮಾತು ಮುಗಿಯುವಷ್ಟರಲ್ಲಿ ಒಂದು ಪ್ರಶ್ನೆ ಏಳದೆ ಇರುವುದಿಲ್ಲ: “ಇಲ್ಲೆಲ್ಲಾದರೂ ಒಂದು ತುಂಡು ನೆಲ ಮಾಡಿಕೊಂಡಿರಾ?” ಹತ್ತನೆಯ ಅಂತಸ್ತಿನಲ್ಲಿ ವಾಸ ಮಾಡುವವರಿಗೆ ಮಣ್ಣಿನ ಮೇಲೆ ಆಸೆ ಹೆಚ್ಚು. ಕಳೆದ ಚಳಿಗಾಲದಲ್ಲಿ ಆ ಆಸೆ ನಮಗೂ ಹತ್ತಿತು. ಸುಲ್ತಾನ್‌ಪುರದ ಬಳಿ, ಹಕ್ಕಿಗಳ ಕೆರೆಗೆ ಸಮೀಪದಲ್ಲೇ, ನೂರು ಗಜದ ನಿವೇಶನವೊಂದು ಅಗ್ಗಕ್ಕಿದೆ ಎಂದು ದಲ್ಲಾಳಿಯೊಬ್ಬನು ಹೇಳಿದನು. ಭವಿಷ್ಯನಿಧಿಯ ಹಣದಲ್ಲಿ ಮುಂಗಡ ಕೊಟ್ಟುಬಿಡುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿ, ಒಂದು ಭಾನುವಾರ ಚಿತ್ರಾನ್ನದ ಬುತ್ತಿ ಕಟ್ಟಿಕೊಂಡು ಸಂಸಾರ ಸಮೇತ ಹೊರಟೆವು.

ಪಟ್ಟಣದಿಂದ ಫರೂಖ್‌ನಗರದ ರಸ್ತೆ ಹಿಡಿದು ಸುಮಾರು ೧೫ ಕಿಲೋಮೀಟರು ಹೋದರೆ ಸುಲ್ತಾನ್‌ಪುರ ಸಿಕ್ಕುತ್ತದೆ. ದಾರಿಯಲ್ಲಿ ಬಸಯಿ, ಚಂದೂ, ಬುಢೇರಾ ಗ್ರಾಮಗಳು. ನಮ್ಮ ನಲ್ಲಿಗಳಿಗೆ ಬರುವ ನೀರು ಶುದ್ಧಿಯಾಗುವುದು ಈ ಊರುಗಳ ಬಳಿಯಲ್ಲೇ. ಅಲ್ಲಿಂದ ಮುಂದೆ ಎತ್ತರದ ಕಟ್ಟಡಗಳು ಹಿಂದೆ ಸರಿದು ಸಾಸಿವೆಯ ಹಳದಿ ಹೊಲಗಳು ಕಣ್ಣಿಗೆ ಬೀಳುತ್ತವೆ. ಊರು ಚಿಕ್ಕದು. ಬೆರಣಿಯ ಗುಪ್ಪೆಗಳು, ಎಮ್ಮೆಗಳು, ಬಿಸಿಲಿಗೆ ಹಾಕಿದ ಹಗ್ಗದ ಮಂಚಗಳು, ಅವುಗಳ ಮೇಲೆ ಹುಕ್ಕಾ ಸೇದುತ್ತ ಕುಳಿತ ಹಿರಿಯರು. ಇಲ್ಲಿ ವಯಸ್ಸಾದವರನ್ನು ‘ತಾಊ’ ಎನ್ನಬೇಕು. ನಮ್ಮಲ್ಲಿ ದೊಡ್ಡಪ್ಪ ಎಂದಂತೆ. “ರಾಮ್ ರಾಮ್, ತಾಊ” ಎಂದರೆ ಸಾಕು, ಮಂಚದಲ್ಲಿ ಜಾಗ ಸಿಕ್ಕುತ್ತದೆ.

ದಲ್ಲಾಳಿ ಬರುವುದು ತಡವಾಯಿತು. ಹೀಗಾಗಿ ಒಬ್ಬ ತಾಊ ಅವರ ಮಂಚದಲ್ಲಿ ಕುಳಿತು ಊರಿನ ಕಥೆ ಕೇಳುವ ಭಾಗ್ಯ ನಮ್ಮದಾಯಿತು. ಸುಲ್ತಾನ್‌ಪುರ ಒಂದು ಕಾಲಕ್ಕೆ ಹಕ್ಕಿಗಳ ಊರಲ್ಲ, ಉಪ್ಪಿನ ಊರು. ಇಲ್ಲಿನ ಬಾವಿಗಳ ನೀರು ಲವಣ. ಅದನ್ನು ಸೇದಿ ತಗ್ಗಾದ ಮಡಿಗಳಲ್ಲಿ ಹರಡಿ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ‘ಸುಲ್ತಾನ್‌ಪುರಿ’ ಎಂಬ ಹೆಸರಿನಲ್ಲಿ ಅದು ದೂರದೂರಿನ ಸಂತೆಗಳಿಗೆ ಹೋಗುತ್ತಿತ್ತು. ಈ ವ್ಯಾಪಾರವನ್ನು ನೆಚ್ಚಿಕೊಂಡೇ ೧೮೭೩ರಲ್ಲಿ ಫರೂಖ್‌ನಗರದವರೆಗೆ ರೈಲು ಹಳಿ ಬಂದಿತು. ಆದರೆ ರಾಜಸ್ಥಾನದ ಸಾಂಭರ್ ಸರೋವರದ ಉಪ್ಪಿನ ಪೈಪೋಟಿ ಒಂದು ಕಡೆ, ಸರಕಾರದ ಸುಂಕ ಇನ್ನೊಂದು ಕಡೆ. ಎರಡರ ನಡುವೆ ಸಿಕ್ಕು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉಪ್ಪಿನ ಕಸುಬು ಅಳಿಯಿತು.

ಕಥೆ ಮುಗಿಸಿ ತಾಊ ನಕ್ಕರು. “ಕಸುಬು ಹೋಯಿತು, ನೀರಿನ ಉಪ್ಪು ಹೋಗಲಿಲ್ಲ” ಎಂದರು. ಆ ಮಾತು ನಮ್ಮ ಕಿವಿಯಲ್ಲಿ ನಿಂತಿತು. ನಿವೇಶನದಲ್ಲಿ ‘ಕೊಳವೆಬಾವಿಗೆ ಅನುಕೂಲ’ವಿದೆ ಎಂದು ದಲ್ಲಾಳಿ ಹೇಳಿದ್ದನಲ್ಲವೆ? ಆ ಬಾವಿಯಲ್ಲಿ ಬರುವ ನೀರು ಎಂಥದು ಎಂದು ಕೇಳುವುದು ನಮಗೆ ಹೊಳೆದಿರಲಿಲ್ಲ.

ಇನ್ನು ಕೆರೆಯ ಮಾತು. ಮಳೆಗಾಲದಲ್ಲಿ ನೀರು ತುಂಬಿ ಬೇಸಿಗೆಗೆ ಬತ್ತುವ ಆಳವಿಲ್ಲದ ಜೌಗು ಇದು. ಚಳಿಗಾಲದಲ್ಲಿ ಇಲ್ಲಿಗೆ ಬರುವ ಹಕ್ಕಿಗಳನ್ನು ಕಂಡು ಬೆರಗಾದವರಲ್ಲಿ ಪತ್ರಕರ್ತ ಪೀಟರ್ ಜಾಕ್ಸನ್ ಒಬ್ಬರು. ದೆಹಲಿಯ ಪಕ್ಷಿವೀಕ್ಷಕರ ಸಂಘದ ಕಾರ್ಯದರ್ಶಿಯಾಗಿದ್ದ ಅವರು ಪ್ರಧಾನಿ ಇಂದಿರಾ ಗಾಂಧಿಯವರಿಗೆ ಪತ್ರ ಬರೆದು, ಈ ಜಾಗವನ್ನು ಕಾಪಾಡಬೇಕೆಂದು ಕೇಳಿಕೊಂಡರು. ೧೯೭೦ರ ದಶಕದ ಮೊದಲಲ್ಲಿ ಇದು ಪಕ್ಷಿಧಾಮವಾಯಿತು. ೧೯೯೧ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ೨೦೨೧ರಲ್ಲಿ ಜಗತ್ತಿನ ಮಹತ್ತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ವಿಸ್ತಾರ ಸುಮಾರು ೩೫೦ ಎಕರೆ ಮಾತ್ರ. ನೀರಿನ ನಡುವೆ ಮಣ್ಣಿನ ದಿಬ್ಬಗಳನ್ನು ಎಬ್ಬಿಸಿ ಜಾಲಿಯ ಮರಗಳನ್ನು ಬೆಳೆಸಿದ್ದಾರೆ. ಮಳೆ ಕಳೆದ ಮೇಲೆ ಬಣ್ಣದ ಕೊಕ್ಕರೆಗಳು ಅವುಗಳ ಮೇಲೆ ಗೂಡು ಕಟ್ಟುತ್ತವೆ. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದೇ ಜಾತಿಯ ಹಕ್ಕಿಗಳು ಹುಣಿಸೆ ಮರಗಳ ಮೇಲೆ ಸಂಸಾರ ಹೂಡುವುದನ್ನು, ಊರವರು ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಆದರಿಸುವುದನ್ನು ನೋಡಿದವರಿಗೆ ಇಲ್ಲಿ ಮನಸ್ಸು ತುಂಬಿ ಬರುವುದು ಸಹಜ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಇಲ್ಲಿವೆ. ಅದೇ ಜಾತಿಯವು ಇನ್ನೂ ದಕ್ಷಿಣಕ್ಕೆ ಹಾರಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇಳಿಯುತ್ತವೆ. “ಹಾಗಾದರೆ ಇವು ನಮ್ಮೂರಿಗೆ ಹೋಗುವ ಹಕ್ಕಿಗಳೇ?” ಎಂದು ನಮ್ಮ ಚಿಕ್ಕ ಮಗಳು ಕೇಳಿದಳು. ಕೆಲವಾದರೂ ಹೋಗುತ್ತಿರಬಹುದು ಎಂದೆವು.

ನೋಡಲು ಹೋಗುವವರಿಗೆ ನಾಲ್ಕು ಮಾತು. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೇಸಿಗೆ ಮತ್ತು ಮಳೆಗಾಲದ ತಿಂಗಳುಗಳಲ್ಲಿ ಉದ್ಯಾನ ಮುಚ್ಚಿರುತ್ತದೆ. ತೆರೆದಿರುವ ಕಾಲದಲ್ಲೂ ಮಂಗಳವಾರ ರಜ. ಬೆಳಗಿನ ಹೊತ್ತಿಗೇ ಹೋಗಿರಿ. ದುರ್ಬೀನು ಇದ್ದರೆ ಒಯ್ಯಿರಿ, ಬಣ್ಣಬಣ್ಣದ ಉಡುಪು ಬೇಡ. ನಡೆಯುವ ದಾರಿ ಸಮತಟ್ಟಾಗಿರುವುದರಿಂದ ಅಜ್ಜ-ಅಜ್ಜಿಯರಿಗೂ ಆಯಾಸವಿಲ್ಲ. ಮಧ್ಯಾಹ್ನ ಫರೂಖ್‌ನಗರಕ್ಕೆ ಹೋಗಬಹುದು. ೧೭೩೨ರಲ್ಲಿ ಫೌಜದಾರ್ ಖಾನ್ ಕಟ್ಟಿಸಿದ ಆ ಊರಿನಲ್ಲಿ ಶೀಶ್ ಮಹಲ್ ಇದೆ, ದೆಹಲಿ ದರವಾಜೆಯಿದೆ, ನಮ್ಮ ಕಲ್ಯಾಣಿಗಳನ್ನು ನೆನಪಿಗೆ ತರುವ ಮೆಟ್ಟಿಲು ಬಾವಿಯಿದೆ. ಇಲ್ಲಿನ ನವಾಬ ಅಹಮದ್ ಅಲಿಯನ್ನು ೧೮೫೭ರ ದಂಗೆಯಲ್ಲಿ ಸೇರಿದನೆಂಬ ಕಾರಣಕ್ಕೆ ಮರುವರ್ಷ ಚಾಂದನಿ ಚೌಕದಲ್ಲಿ ಗಲ್ಲಿಗೇರಿಸಿದರು.

ಈಗ ಕೊಳ್ಳುವವರ ಮಾತಿಗೆ ಬರೋಣ. ಮೊದಲು ಇಲ್ಲಿನ ಅಳತೆ ತಿಳಿದಿರಬೇಕು. ಒಂದು ಎಕರೆಗೆ ‘ಕಿಲ್ಲಾ’ ಎನ್ನುತ್ತಾರೆ. ಅದಕ್ಕೆ ೮ ಕನಾಲ್, ಒಂದು ಕನಾಲಿಗೆ ೨೦ ಮರ್ಲಾ. ನಮ್ಮ ಒಂದು ಗುಂಟೆ ಇವರ ಸರಿಯಾಗಿ ೪ ಮರ್ಲಾ. ಗಜವೆಂದರೆ ಚದರ ಗಜ. ನಮ್ಮ ಮೂವತ್ತು-ನಲವತ್ತರ ನಿವೇಶನ ಸುಮಾರು ೧೩೩ ಗಜ. ನಮ್ಮ ಪಹಣಿಯಂತೆ ಇಲ್ಲಿ ‘ಜಮಾಬಂದಿ’, ಸರ್ವೆ ನಂಬರಿನಂತೆ ‘ಖಸ್ರಾ’, ಖಾತೆ ಬದಲಾವಣೆಗೆ ‘ಇಂತಕಾಲ್’, ಗ್ರಾಮಠಾಣಕ್ಕೆ ‘ಲಾಲ್ ಡೋರಾ’. ಶಾನುಭೋಗರ ಸ್ಥಾನದಲ್ಲಿ ಪಟವಾರಿ.

ದಲ್ಲಾಳಿ ಬಂದು ನೆಲ ತೋರಿಸಿದನು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಗೋಧಿಯ ಹೊಲ. ಕಾಗದ ಕೇಳಿದೆವು. ತೋರಿಸಿದ ಜಮಾಬಂದಿಯ ನಕಲಿನಲ್ಲಿ ಒಂದೇ ಖಾತೆಗೆ ಹಲವು ಪಾಲುದಾರರ ಹೆಸರಿದ್ದಿತು. ಅವರಲ್ಲಿ ವಿಭಾಗವಾಗಿರಲಿಲ್ಲ. ಎಂದರೆ ನಾವು ಕೊಳ್ಳುವುದು ಗೆರೆಯೊಳಗಿನ ನೂರು ಗಜವನ್ನಲ್ಲ, ಇಡೀ ಖಾತೆಯಲ್ಲಿ ಒಂದು ಪಾಲನ್ನು. ನಾಳೆ ತಕರಾರು ಬಂದರೆ ನಮ್ಮ ಪಾಲು ಯಾವ ಮೂಲೆಯಲ್ಲೆಂದು ಹೇಳುವವರಿಲ್ಲ. ಹೊಲವನ್ನು ಹೀಗೆ ತುಂಡುಮಾಡಿ ಬಡಾವಣೆಯೆಂದು ಮಾರಲು ೧೯೭೫ರ ಹರಿಯಾಣದ ನಗರಪ್ರದೇಶ ಕಾಯಿದೆಯಂತೆ ಪರವಾನಗಿ ಬೇಕು. ಅದೂ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದುದನ್ನು ಆತ ಬಾಯಿ ಬಿಡಲೇ ಇಲ್ಲ. ೨೦೧೦ರಲ್ಲಿ ಕೇಂದ್ರ ಸರಕಾರ ಉದ್ಯಾನದ ಸುತ್ತ ಐದು ಕಿಲೋಮೀಟರುಗಳವರೆಗಿನ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರಿದೆ. ಅಲ್ಲಿ ಕಟ್ಟುವುದಕ್ಕೂ ಅಗೆಯುವುದಕ್ಕೂ ನಿಬಂಧನೆಗಳಿವೆ. ‘ಕೆರೆಗೆ ಹತ್ತಿರ’ ಎಂಬುದನ್ನು ಆತ ಗುಣವೆಂದು ಹೊಗಳುತ್ತಿದ್ದನು. ಕೊಳ್ಳುವವನ ಪಾಲಿಗೆ ಅದೇ ದೊಡ್ಡ ತೊಡಕು.

ನಮ್ಮವರು ಇಲ್ಲಿ ಎಡವುವುದಕ್ಕೆ ಒಂದು ಕಾರಣವಿದೆ. ಕರ್ನಾಟಕದಲ್ಲಿ ೨೦೨೦ರ ತಿದ್ದುಪಡಿಯವರೆಗೆ ಬೇಸಾಯದವರಲ್ಲದವರಿಗೆ ಹೊಲ ಕೊಳ್ಳುವುದಕ್ಕೇ ತಡೆಯಿತ್ತು. ಹರಿಯಾಣದಲ್ಲಿ ಆ ತಡೆ ಕಾಣದಿರುವುದರಿಂದ ಎಲ್ಲವೂ ಸಲೀಸೆಂದು ತೋರುತ್ತದೆ. ಆದರೆ ಕೊಳ್ಳುವ ಹಕ್ಕು ಬೇರೆ, ಕಟ್ಟುವ ಹಕ್ಕು ಬೇರೆ. ಲಾಲ್ ಡೋರಾದ ಒಳಗಿನ ಮನೆಯಾದರೂ, ೨೦೨೦ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಆಸ್ತಿಪತ್ರ ಮಾರುವವನ ಹೆಸರಿನಲ್ಲಿದೆಯೇ ಎಂದು ನೋಡಬೇಕು. ತಹಸೀಲು ಕಚೇರಿಯಲ್ಲಿ ಜಮಾಬಂದಿ, ನಗರ ಯೋಜನಾ ಇಲಾಖೆಯಲ್ಲಿ ಪರವಾನಗಿ, ಅರಣ್ಯ ಇಲಾಖೆಯಲ್ಲಿ ವಲಯದ ಗಡಿ, ಕಡೆಗೆ ಪಕ್ಕದ ಹೊಲದ ಬಾವಿಯಲ್ಲಿ ಒಂದು ಬೊಗಸೆ ನೀರು: ಈ ನಾಲ್ಕನ್ನೂ ನೋಡದೆ ಮುಂಗಡ ಕೊಡಬಾರದು.

ದಲ್ಲಾಳಿಗೆ ನಮಸ್ಕಾರ ಹೇಳಿ ಮತ್ತೆ ತಾಊ ಅವರ ಮಂಚಕ್ಕೆ ಬಂದೆವು. ಚಿತ್ರಾನ್ನ ಹಂಚಿಕೊಂಡೆವು, ಅವರ ಮನೆಯಿಂದ ದೊಡ್ಡ ಲೋಟಗಳಲ್ಲಿ ಮಜ್ಜಿಗೆ ಬಂದಿತು. ಅವರ ಹೊಲವೂ ಅದೇ ವಲಯದಲ್ಲಿದೆ. ದೂರದ ಹಳ್ಳಿಗಳವರು ನೆಲ ಮಾರಿ ಮಹಡಿ ಕಟ್ಟಿದ್ದಾರೆ, ಇವರಿಗೆ ಆ ಬೆಲೆ ಸಿಕ್ಕಿಲ್ಲ. “ಬೇಸರವಿಲ್ಲವೆ?” ಎಂದೆವು. “ಮಗನಿಗೆ ಇದೆ” ಎಂದರು. ಸ್ವಲ್ಪ ಹೊತ್ತು ಹುಕ್ಕಾ ಸೇದಿ, “ನನಗೂ ಒಂದೊಂದು ವರ್ಷ ಇರುತ್ತದೆ” ಎಂದರು.

ಹಕ್ಕಿಗಳು ಉಳಿದಿರುವುದು ಸರಕಾರದ ಕಟ್ಟಳೆಯಿಂದ ಮಾತ್ರವಲ್ಲ, ಇಂಥವರು ಬಿಟ್ಟುಕೊಟ್ಟ ಲಾಭದಿಂದ ಕೂಡ ಎಂಬುದು ನಮಗೆ ಆ ಹೊತ್ತಿಗೆ ತಿಳಿಯಿತು. ನೆಲ ಕೊಳ್ಳದೆ ಹಿಂತಿರುಗಿದೆವು. ಮುಂದಿನ ಚಳಿಗಾಲಕ್ಕೆ ಸಂಘದ ಮಕ್ಕಳನ್ನೆಲ್ಲ ಕರೆದುಕೊಂಡು ಬರುತ್ತೇವೆಂದು ತಾಊ ಅವರಿಗೆ ಮಾತು ಕೊಟ್ಟಿದ್ದೇವೆ. ಬರುವವರು ಈಗಲೇ ಹೆಸರು ಕೊಡಿ. ಬುತ್ತಿಯನ್ನು ಸ್ವಲ್ಪ ಹೆಚ್ಚಾಗಿಯೇ ಕಟ್ಟಿಕೊಂಡು ಬನ್ನಿ.